ಎಷ್ಟಾಗುತ್ತೆ

ಆಟಕ್ಕೆ ಈಗ ಡಬ್ಬಿಯಿಲ್ಲ, ಬರೀ ಒಂದು ಬಟನ್ನು.
ಅದರ ಮೇಲೆ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಇದರ ಹಿಂದಿನ ಭಾಗ ಹದಿಮೂರು ನೂರಕ್ಕೆ ಸಿಕ್ಕಿತ್ತು.
ಆಗ ಯಾರೋ ಎಲ್ಲೋ ಕೂತು ನಮ್ಮ ಕಿಸೆಯನ್ನು ನೆನೆದಿದ್ದರು;
ಈಗ ಅರವತ್ತು ಡಾಲರಿಗೆ ರೂಪಾಯಿಯ ಅಂಗಿ ತೊಡಿಸಿ
ಇದೇ ನಿಮ್ಮೂರ ಬೆಲೆ ಅನ್ನುತ್ತಾರೆ.

ನಾನು ಪ್ಲಾಸ್ಟರ್ ರೂಮಿನವನು.
ಬಿಟಿಎಂ ಎರಡನೇ ಹಂತದ ನರ್ಸಿಂಗ್ ಹೋಮಿನಲ್ಲಿ
ರಾತ್ರಿಗೆ ಆರುನೂರೈವತ್ತು.
ಹಾಗೆ ನೋಡಿದರೆ ಈ ಖಡ್ಗ, ಈ ಕೋಟೆ, ಈ ಮಂಜಿನ ಕಾಡು
ಎಂಟು ರಾತ್ರಿ.
ಕಾದೆ. ದೀಪಾವಳಿ ಕಳೆದು ರಿಯಾಯಿತಿ ಬಂತು: ಐದು ರಾತ್ರಿ.
ಕೊಂಡೆ.

ಎಸ್.ಪಿ. ರೋಡಿನ ಇಮ್ದಾದ್ ಕೇಳಿ ನಕ್ಕ:
"ಈ ಕಾರ್ಡಿಗೆ ನಾನು ಹನ್ನೊಂದು ಅಂದೆ, ನೀನು ಏಳು ಅಂದೆ,
ಎಂಟೂವರೆಗೆ ಚಾ ಕುಡಿದೆವು.
ಆ ಬಟನ್ ಜೊತೆ ಒಂದು ಮಾತಾದರೂ ಆಡೋಕಾಯ್ತಾ?"

ಆಟ ಬಲು ನಿಜವಂತೆ. ಹಾಗಂತ ಅವರೇ ಬರೆದುಕೊಂಡಿದ್ದಾರೆ.
ಖಡ್ಗ ಮೊಂಡಾಗುತ್ತದೆ, ಸಾಣೆ ಹಿಡಿಯಬೇಕು.
ಕವಚ ತೊಟ್ಟು ಮೆಟ್ಟಿಲೇರಿದರೆ ಏದುಸಿರು.
ಮೂವರು ಒಟ್ಟಿಗೆ ಮೇಲೆ ಬಿದ್ದರೆ ಓಡುವುದೇ ವಿದ್ಯೆ.
ಒಪ್ಪಿದೆ.
ಗದೆ ಮೊಣಕೈಗೆ ಬಿದ್ದಾಗಿನ ಸದ್ದು ಮಾತ್ರ ಸುಳ್ಳು,
ಕಬ್ಬು ಮುರಿದ ಹಾಗೆ ಕೇಳಿಸಿದ್ದಾರೆ.
ಒದ್ದೆ ಮರಳಿನ ಚೀಲದೊಳಗೆ ಕಲ್ಲು ಹೊರಳಿದಂತೆ
ಬೆರಳಿಗೆ ಕೇಳುತ್ತದೆ ಅದು, ಕಿವಿಗಲ್ಲ.
ಅಲ್ಲಿ ಬಿದ್ದವರು ರಾಜನ ಹೆಸರು, ದೇವರ ಹೆಸರು ಹಿಡಿದು ಕಿರುಚುತ್ತಾರೆ.
ಹನ್ನೆರಡು ವರ್ಷದಲ್ಲಿ ನಾನು ಕೇಳಿದ ಮೊದಲ ಮಾತು ಬೇರೆ.

ಮಡಿವಾಳದ ಹತ್ತಿರ ಗುಂಡಿ ತಪ್ಪಿಸಲು ಹೋಗಿ
ಡಿವೈಡರಿಗೆ ತಾಗಿದ ಕೊಟ್ರೇಶ,
ಹರಪನಹಳ್ಳಿ ಕಡೆಯವನು, ಬೆನ್ನಿಗಿನ್ನೂ ಯಾರದೋ ಬಿರಿಯಾನಿ.
ಮುಂಗೈ ಮುಳ್ಳುಚಮಚದ ಬೆನ್ನಿನಂತೆ ಬಾಗಿತ್ತು.
ಅಳಲಿಲ್ಲ. ಗಡಿಯಾರ ನೋಡಿದ, ನನ್ನನ್ನು ನೋಡಿದ:
"ಎಷ್ಟಾಕೈತಣ್ಣ?"

ನಮ್ಮಲ್ಲೂ ಸೀಮೆಗೊಂದು ಬೆಲೆ.
ಜರ್ಮನಿಯ ಪ್ಲೇಟು, ಗುಜರಾತಿನ ಪ್ಲೇಟು, ಬರೀ ಪಟ್ಟಿ.
ಮೂಳೆ ಎಲ್ಲರಿಗೂ ಇನ್ನೂರಾರೇ;
ಕೂಡುವ ರೀತಿ ಕಿಸೆಯಂತೆ.
ಅವನು ಪಟ್ಟಿ ಅಂದ. ಡಾಕ್ಟರು ಎಳೆದು ಕೂಡಿಸಿದರು, ನಾನು ಸುತ್ತಿದೆ.
ಒಂದು ರೋಲು ಬಿಲ್ಲಿಗೆ ಬರೆಯಲು ಮರೆತೆ.
ಮರೆವಿಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ.

ಬೆಳಿಗ್ಗೆ ರೂಮಿಗೆ ಬಂದು ಆಟಕ್ಕೆ ಕೂತರೆ
ನನ್ನದೇ ಮುಂಗೈ ಮುರಿಯಿತು.
ಊರ ಬಾಗಿಲ ವೈದ್ಯೆ ಹದಿನಾಲ್ಕು ಬೆಳ್ಳಿ ಕೇಳಿದಳು.
ನನ್ನಲ್ಲಿ ಒಂಬತ್ತು.
ಪರದೆಯಲ್ಲಿ ಮೂರು ಉತ್ತರ:
ಕೊಡುತ್ತೇನೆ. ಬೇಡ, ಹೊರಟೆ. ಖಡ್ಗ ಹಿರಿಯುತ್ತೇನೆ.
ನಾಲ್ಕನೆಯದು ಇದ್ದೀತೆಂದು ಮೇಲೆ ಕೆಳಗೆ ಒತ್ತಿದೆ.
ಸ್ವಲ್ಪ ನೋಡ್ಕೊಂಡು ಮಾಡಿ ತಾಯಿ...
ಇಷ್ಟು ಬರೆಯಲು ಅಷ್ಟು ಜನರಲ್ಲಿ ಒಬ್ಬನೂ ಇರಲಿಲ್ಲವೇ?
ಕುದುರೆಯ ಬೆವರಿಗೇ ಇಪ್ಪತ್ತು ಮಂದಿ ದುಡಿದಿರಬೇಕು.
ಹೊರಟೆ. ಕೈ ಸೊಟ್ಟಗೆ ಕೂಡಿತು.
ಅಂದಿನಿಂದ ನನ್ನ ಖಡ್ಗ ಎಡಕ್ಕೆ ವಾಲುತ್ತದೆ.
ಅದೊಂದು ನಿಜ.

ಕೊಟ್ರೇಶ ಮೂರನೇ ವಾರಕ್ಕೇ ಬಂದ, ರಾತ್ರಿ ಎರಡಕ್ಕೆ.
ಆರು ವಾರ ಅಂದಿದ್ದೆನಲ್ಲೋ ಅಂದೆ.
"ಐಡಿ ಬಂದ್ ಮಾಡ್ತಾರಣ್ಣ. ಬಿಚ್ಚು."
ಗರಗಸ ಚಾಲೂ ಮಾಡಿದೆ. ಕಣ್ಣು ಮುಚ್ಚಿಕೊಂಡ.
ಹೆದರಬೇಡ, ಇದು ಗಟ್ಟಿಯದನ್ನಷ್ಟೇ ಕೊಯ್ಯುತ್ತದೆ,
ಮೆತ್ತಗಿರುವುದಕ್ಕೆ ಬರೀ ಕಚಗುಳಿ.
ಬಿಳಿ ಪುಡಿ ಹಾರಿ ಅವನ ಹುಬ್ಬಿಗೆ ಕೂತಿತು, ನನ್ನದಕ್ಕೂ.
ಬೆರಳು ಮಡಿಸಿ ನೋಡಿದ.
ಗಾಳಿಯಲ್ಲೇ ಬ್ರೇಕು ಹಿಡಿದು ನೋಡಿದ.
ಮುಖ ಹಿಂಡಿತು, ಹೇಳಲಿಲ್ಲ.
"ಬಿಚ್ಚಿದ್ದಕ್ಕೆಷ್ಟು?"

ಕ್ಯಾಶ್ ಕೌಂಟರಿನಲ್ಲಿ ಶಿವಲಿಂಗಮ್ಮ
ಗಲ್ಲಕ್ಕೆ ಕೈಕೊಟ್ಟು ನಿದ್ದೆ ಹೋಗಿದ್ದಳು.
ಹಿಂಬಾಗಿಲು ತೋರಿಸಿದೆ.